ನಲವತ್ತೇಳು ರಷ್ಯಾ ಕ್ಯಾಲ್ಕುಲೇಟ್ರು

ನಗು ಬಂದ್ರೆ ನಕ್ಕುಬುಡಮ್ಮ, ಯಾಕೆ ತಡ್ಕೊಂಡು ಕೂತಿದ್ದೀಯ? ಈ ರೂಮಿಗೆ ಬಂದೋರೆಲ್ಲ ನಗ್ತಾರೆ. ಪಕ್ಕದ ಮನೆ ಸಿದ್ದೇಶ ನಕ್ಕ. ರಿಟೈರಾದ ದಿನ ಹಾರ ಹಾಕಿ ಮನೆ ತನಕ ಬಿಡಕ್ಕೆ ಬಂದ ನಮ್ಮ ಕರೆಂಟ್ ಆಫೀಸಿನೋರು, ಕಾಫಿ ಲೋಟ ಕೈಲಿಟ್ಕೊಂಡು ಇಲ್ಲೇ ನಿಂತು ನಕ್ಕೋದ್ರು. "ಶಿವರಾಮಣ್ಣ, ಗುಜರಿ ಅಂಗಡಿ ಇಡ್ತೀಯೇನಣ್ಣ" ಅಂತ. ನಮ್ಮ ಯಶೋದ, ಅದೇ ನಿಂಗೆ ಬಾಗ್ಲು ತಗುದ್ಲಲ್ಲ ನನ್ನ ಹೆಂಡ್ತಿ, ಅವಳಂತೂ ಮೂವತ್ತೈದು ವರ್ಷದಿಂದ ನಗ್ತಾ ಅವ್ಳೆ.

ನಗು ಅಲ್ವ? ಮತ್ತೆ ಬಾಯಿಗೆ ಕೈ ಅಡ್ಡ ಇಟ್ಕೊಂಡೆ... ಓ, ಬಿಸ್ಲಲ್ಲಿ ಬಂದಿದ್ದೀಯ. ಮಳವಳ್ಳಿ ಬಸ್ಸು ಬ್ಯಾರೆ, ಮದ್ದೂರು ತನಕ ನಿಂತ್ಕೊಂಡೇ ಬಂದಿರ್ತೀಯ. ನೀರು ಕುಡಿ. ಕುಡ್ದು ಆಮ್ಯಾಲೆ ನೋಡು, ಇವೇನು ಎಲ್ಲಿಗೂ ಓಗಕ್ಕಿಲ್ಲ. ಫೋನಲ್ಲಿ ಮೇಡಂ ಮೇಡಂ ಅಂತಿದ್ದೆ, ಈಗ ನೀನು ತಾನು ಅಂತಾ ಇವ್ನಿ, ತಪ್ಪು ತಿಳೀಬ್ಯಾಡ. ನಮ್ಮ ದೀಪಿಕನಿಗಿಂತ ಆರೇಳು ವರ್ಷ ದೊಡ್ಡೋಳಿರಬೇಕು ನೀನು, ಅಷ್ಟೆ. ದೀಪಿಕ ನನ್ನ ಮಗಳು, ಮೈಸೂರಿಗೆ ಕೊಟ್ಟಿದ್ದೀವಿ. ಕಾಲೇಜಲ್ಲಿ ಪಾಠ ಮಾಡೋ ಎಣ್ಮಗಳೊಬ್ಳು ಪೇಪರಲ್ಲಿ ನನ್ನ ಫೋಟೋ ನೋಡಿ, ನಂಬರು ಹುಡುಕಿ, ಕಾಲೇಜಿನ ವಿಜ್ಞಾನ ದಿನಕ್ಕೆ ಬೇಕು, ಇವನ್ನ ನೋಡಕ್ಕೆ ಅಂತ್ಲೇ ಬತ್ತೀನಿ ಅಂದ್ಲು ಅಂದಾಗ ಯಶೋದಂಗೆ ನಂಬಿಕೇನೇ ಬರ್ಲಿಲ್ಲ ಗೊತ್ತ.

ನೋಡು. ನಲವತ್ತೇಳು ಕ್ಯಾಲ್ಕುಲೇಟ್ರು. ಎಲ್ಲಾ ರಷ್ಯಾದವೇ. ಸೋವಿಯತ್ ಒಕ್ಕೂಟ ಅಂತ ಒಂದಿತ್ತಲ್ಲ, ಅದು ಇದ್ದಾಗ ಅಲ್ಲಿನ ಕಾರ್ಖಾನೇಲಿ ಮಾಡಿದ್ದು. ಜಪಾನಿಂದು ಒಂದೂ ಇಲ್ಲ, ಕೊಟ್ರೂ ಮುಟ್ಟಕ್ಕಿಲ್ಲ ನಾನು. ಈ ಮ್ಯಾಲಿನ ಸಾಲು ನೋಡು, ಎಪ್ಪತ್ತರ ದಶಕದ್ದು. ಇದಕ್ಕೆ ಕೆಂಪು ಅಂಕಿ ಬತ್ತದೆ, ಈ ಸಾಲಲ್ಲಿ ಮಿಕ್ಕಿದ್ದಕ್ಕೆಲ್ಲ ಹಸ್ರು. ಕೆಳಗಿನ ಸಾಲಿಂದು ಇದು, ಬಿಸ್ಲಲ್ಲೇ ನಡೀತದೆ, ಸೆಲ್ಲೇ ಬ್ಯಾಡ. ಇದು ಎಂ.ಕೆ. ಐವತ್ತೆರಡು. ಇಂತಾದೊಂದು ರಾಕೆಟ್ಟಲ್ಲಿ ಬಾಹ್ಯಾಕಾಶಕ್ಕೆ ಓಗಿತ್ತಂತೆ. ಓಗಿತ್ತೋ ಇಲ್ವೋ, ನಾನು ನೋಡಿಲ್ಲ, ಓದಿವ್ನಿ. ಅದರ ಅಕ್ಷರ ಓದಕ್ಕೆ ಅಂತ ರಷ್ಯನ್ ವರ್ಣಮಾಲೆ ಕಲ್ತೆ. ಐವತ್ತನೇ ವಯಸ್ಸಲ್ಲಿ, ಕರೆಂಟ್ ಕಂಬದ ಎಸ್ಟಿಮೇಟು ಬರ್ಕೊಂಡು ಕೂರೋ ಟೇಬಲ್ ಮ್ಯಾಲೆ. ಯಾರಿಗೆ ತೊಂದ್ರೆ ಆಯ್ತು? ಸಿದ್ದೇಶ ಸಾಯಂಕಾಲ ಆದ್ರೆ ಇಸ್ಪೀಟಿಗೆ ಓಯ್ತಾನೆ, ಅವನಿಗೆ ಯಾರೂ ಯಾಕೆ ಅಂತ ಕೇಳಕ್ಕಿಲ್ಲ. ನಂಗೆ ಮಾತ್ರ ಕೇಳ್ತಾರೆ. ನಾನೂ ಹೇಳ್ತೀನಿ, ನನ್ನಿಷ್ಟ ಕಣ್ರಯ್ಯ, ನಿಮಗೇನು ಅಂತ.

ಅದು ಪಟ್ಟಿ. ತೆಗಿ, ತೆಗ್ದು ನೋಡು. ಫೋಟೋ ತಕ್ಕೊಳಂಗಿದ್ರೆ ತಕ್ಕೊ. ಮಾಡೆಲ್ಲು, ಕಾರ್ಖಾನೆ ಇದ್ದ ಊರು, ಇಸವಿ, ಹಿಂದ್ಗಡೆ ಒತ್ತಿರೋ ನಂಬರು, ನಂಗೆ ಎಲ್ಲಿ ಸಿಕ್ತು, ಈಗ ಹೆಂಗದೆ, ಏನೇನು ರಿಪೇರಿ ಮಾಡ್ದೆ... ಎಲ್ಲಾ ನನ್ನ ಕೈಬರಹ. ಕಂಪ್ಯೂಟರಿಗೆ ಹಾಕ್ಕೊಡ್ತೀನಿ ಅಂದ ನನ್ನ ಅಳಿಯ. ಬ್ಯಾಡ ಅಂದೆ. ಮೂವತ್ತೆಂಟನೇದು ನೋಡು, ಉಕ್ರೇನಿನ ಕೀವ್ ಪಟ್ಟಣದ ಒಬ್ಬ ಅಜ್ಜ ಕಳ್ಸಿದ್ದು. ಕಾರ್ಖಾನೇಲಿ ಕೆಲಸ ಮಾಡಿದ್ದನಂತೆ. ನಂದು ಮುರ್ಕ್ಲು ಇಂಗ್ಲಿಷು, ಅವನದು ಅದಕ್ಕಿಂತ ಮುರ್ಕ್ಲು, ಆದ್ರೂ ಏಳು ವರ್ಷ ಕಾಗ್ದ ಬರ್ಕೊಂಡ್ವಿ. ಯುದ್ಧ ಶುರುವಾದ ಮ್ಯಾಲೆ ಎರಡು ಸಲ ಜವಾಬು ಬಂತು. ಆಮ್ಯಾಲೆ ಇಲ್ಲ. ನಾನು ಬರೀತಾನೇ ಇವ್ನಿ.

ಯಾಕಮ್ಮ, ಮೊದಲ್ನೇ ಹಾಳೆಗೇ ತಿರುಗಿಸ್ಕೊಂಡು ಹೋದೆ?

ಮೊದಲ್ನೇದು ಎಲ್ಲಿ ಸಿಕ್ತು ಅಂತ... ಅಲ್ಲೇ ಬರ್ದಿವ್ನಲ್ಲ. ಸಾವಿರದ ಒಂಬೈನೂರ ಎಂಬತ್ತೇಳು, ಮೈಸೂರು. ಒಬ್ಬ ಡಾಕ್ಟ್ರು ರಷ್ಯಾದಲ್ಲಿ ಓದಿ ಬಂದಿದ್ರು. ಅವರ ಮನೆಗೆ ಮೀಟರು ಕೂರಿಸಕ್ಕೆ ಓಗಿದ್ದೆ. ಮೇಜಿನ ಮ್ಯಾಲಿತ್ತು. ಚೆನ್ನಾಗದೆ ಸಾರ್ ಅಂದೆ, ತಕ್ಕೊಂಡೋಗಪ್ಪ ಅಂದ್ರು. ಅಷ್ಟೆ. ಪೇಪರಿನೋನೂ ಅದನ್ನೇ ಬರ್ದವ್ನೆ, ನೀನು ಓದಿರ್ತೀಯ.

ಡಾಕ್ಟ್ರ ಹೆಸರಾ? ಏನೋ ಇತ್ತು. ಮೂವತ್ತೆಂಟು ವರ್ಷ ಆಯ್ತಲ್ಲಮ್ಮ, ಎಲ್ಲಿ ಗ್ಯಾಪಕ ಇರ್ತದೆ.

ಅದೇ ಅದು, ಎರಡನೇ ಅಂತಸ್ತಲ್ಲಿ, ಕಪ್ಪಗೆ ಉದ್ದಕ್ಕದಲ್ಲ. ಬಿ ಮೂರು ಮೂವತ್ನಾಕು. ತಕ್ಕೊ ಪರವಾಗಿಲ್ಲ, ಬಟನ್ ಒತ್ತು, ಬಲಗಡೆ ಒಂದು ಸ್ವಿಚ್ಚು ಅದೆ. ಬಂತ? ಹಸ್ರು ಅಂಕಿ. ಈಗ ನೀನು ಹನ್ನೆರಡನ್ನ ಏಳರಿಂದ ಗುಣಿಸು ನೋಡನ. ಕಾಲೇಜಿನೋರು ಬಂದ್ರೂ ಒದ್ದಾಡಿ ಓಯ್ತಾರೆ, ಯಾಕಂದ್ರೆ ಇದರಲ್ಲಿ ಸಮ ಅನ್ನೋ ಗುಂಡೀನೇ ಇಲ್ಲ. ಮೊದಲು ಎರಡೂ ಅಂಕಿ ಕೊಡಬೇಕು, ಮಧ್ಯ ಒಂದು ಬಾಣ ಒತ್ತಬೇಕು, ಕೊನೇಲಿ ಗುಣಾಕಾರ. ತಿರುಗಾ ಮುರುಗಾ. ನಂಗೇ ಯಾರೂ ಹೇಳ್ಕೊಟ್ಟೋರಿರ್ಲಿಲ್ಲ, ನಾನೇ ತಿಣುಕಾಡಿ...

ಎಂಬತ್ನಾಕು.

ಹೆಂಗೆ ಮಾಡ್ದೆ? ನಾನಿನ್ನೂ ಹೇಳ್ತಾನೇ ಇದ್ದೆ, ಆಗ್ಲೇ ಒತ್ತಿಬುಟ್ಟೆ. ಒಂದು ಸಲಾನೂ ತಡವರಿಸ್ಲಿಲ್ಲ. ಇನ್ನೊಂದು ಸಲ ಮಾಡು. ಮೂವತ್ತು ಡಿಗ್ರಿ ಸೈನು ತೆಗಿ. ...ಬೆರಳು ಎತ್ಲಾಗೆ ಓಗ್ಬೇಕೋ ಅತ್ಲಾಗೇ ಓಯ್ತದೆ. ನಿಮ್ಮ ಕಾಲೇಜಲ್ಲಿ ಇಂತಾದು ಅದ? ಇಲ್ಲ. ಮತ್ತೆಲ್ಲಿ ಕಲ್ತೆ?

ರಟ್ಟಲ್ಲಿ?

ರಟ್ಟಿನ ಮ್ಯಾಲೆ ಗುಂಡಿ ಬರ್ದು... ಯಾರು ಬರ್ದುಕೊಟ್ಟಿದ್ದು? ನಿಮ್ಮಪ್ಪ. ಚಿಕ್ಕೋಳಿದ್ದಾಗ. ಮಷೀನೇ ಇಲ್ದೆ, ರಟ್ಟಿನ ಮ್ಯಾಲೆ ಬೆರಳಿಟ್ಟು, ಬಾಯಲ್ಲಿ ಉತ್ತರ ಹೇಳಿಸ್ತಿದ್ರು. ಒಳ್ಳೇದಾಯ್ತಲ್ಲ. ಚೆನ್ನಾಗಿ ಕಲಿಸವ್ರೆ.

ಯಾವೂರಮ್ಮ ನಿಂದು? ಮಳವಳ್ಳಿ ಅಲ್ಲ, ಅದು ಕೆಲ್ಸದ ಊರು. ಹುಟ್ಟಿದ್ದು.

ಬೆಳಕವಾಡಿ.

ಹೂಂ. ಗೊತ್ತು, ಶಿವನಸಮುದ್ರದ ದಾರೀಲಿ. ಲೈನ್ ಕೆಲಸಕ್ಕೆ ಓಗಿವ್ನಿ ಅತ್ಲಾಗೆ. ಒಳ್ಳೆ ಊರು, ನೀರು ನಿಡಿ ಎಲ್ಲಾ ಚೆನ್ನಾಗದೆ. ಯಶೋದ, ಕಾಫಿ ಏನಾಯ್ತೇ? ಅವಳು ಮಿಕ್ಸಿ ಹಾಕ್ಕೊಂಡವ್ಳೆ, ಕೇಳ್ಸಕ್ಕಿಲ್ಲ. ಚಟ್ನಿ ರುಬ್ತಾ ಅವ್ಳೆ, ತಿಂಡಿ ತಿನ್ಕೊಂಡೇ ಓಗ್ಬೇಕು ನೀನು. ನಿಮ್ಮ ಕಾಲೇಜಿನ ವಿಜ್ಞಾನ ದಿನಕ್ಕೆ ಎಷ್ಟು ಬೇಕು ಇವು? ಇಪ್ಪತ್ತು ಕೊಡ್ತೀನಿ. ನಾನೇ ಬಂದು ಜೋಡಿಸಿ, ನಾನೇ ಹೇಳಿಕೊಡ್ತೀನಿ ಮಕ್ಕಳಿಗೆ. ಬಾಡಿಗೆ ಗಾಡೀಲಿ ತರ್ತೀನಿ, ನೀನೇನೂ ಖರ್ಚು...

ನಾನು ಕೇಳಿಲ್ವಲ್ಲ ನಿಮ್ಮಪ್ಪನ ಹೆಸರು. ಯಾಕೆ ಹೇಳ್ದೆ?

ದೊಡ್ಡಸಿದ್ದಯ್ಯ ಅಂತ ಎಲ್ಲಾ ಊರಲ್ಲೂ ಇರ್ತಾರಮ್ಮ. ನಮ್ಮ ಬೆಸಗರಳ್ಳೀಲೇ ಇಬ್ಬರು ಅವ್ರೆ.

...ಸರಿ. ಗೊತ್ತು. ಗೊತ್ತಿರ್ದೆ ಏನು. ನಾನು ಡಿಪ್ಲೊಮಾ ಓದಿದ ಕಡೆ ಆ ಹೆಸರಿನ ಅಟೆಂಡ್ರು ಒಬ್ಬ ಇದ್ದ. ಒಂದು ಟ್ರಸ್ಟಿನ ಪಾಲಿಟೆಕ್ನಿಕ್ಕು, ಅದು ಮುಚ್ಚೋಯ್ತು, ಈಗ ಮದುವೆ ಛತ್ರ ಮಾಡವ್ರೆ. ಲ್ಯಾಬಿನ ಬೀಗದಕೈ ಅವನ ಸೊಂಟದಲ್ಲೇ ಇರ್ತಿತ್ತು. ಒಳ್ಳೆ ಮನ್ಸ. ಹದಿನೆಂಟು ವರ್ಷದ ಹುಡುಗರು ನಾವು, ಅವನಿಗೆ ಮೂವತ್ತೈದೋ ಏನೋ, "ಲೇ ಸಿದ್ದ, ಅದು ತಾರ್ಲ, ಇದು ಇಡ್ಲ" ಅಂತಿದ್ವಿ. ಯಾರೂ ತಪ್ಪು ಅಂದ್ಕೊಳ್ತಿರ್ಲಿಲ್ಲ ಆಗ. ಅವನೂ ಬುದ್ಧಿ ಅಂತಿದ್ದ ನಮಗೆ. ಕಾಲ ಅಂಗಿತ್ತು. ನಾನು ಮಾಡಿದ್ದಲ್ಲ ಆ ಕಾಲಾನ.

ಹೌದು, ಅಲ್ಲೊಂದು ಇಂತಾದು ಇತ್ತು. ರಷ್ಯಾದೋರ ಜತೆ ಕೆಲ್ಸ ಮಾಡಿ ಬಂದ ಒಬ್ಬ ಇಂಜಿನಿಯರು ಲ್ಯಾಬಿಗೆ ದಾನ ಕೊಟ್ಟಿದ್ದು. ಗಾಜಿನ ಬೀರೂಲಿ ಇಟ್ಟಿದ್ರು. ಲೆಕ್ಚರರಿಗೇ ಅದನ್ನ ನಡೆಸಕ್ಕೆ ಬರ್ತಿರ್ಲಿಲ್ಲ. ದೊಡ್ಡಸಿದ್ದಯ್ಯನಿಗೆ ಬರ್ತಿತ್ತು. ಮಧ್ಯಾಹ್ನ ಊಟದ ಹೊತ್ತಲ್ಲಿ ಎಲ್ರೂ ಹೋದ್ಮ್ಯಾಲೆ ಒಬ್ನೇ ಕೂತು, ಒಂದೊಂದೇ ಗುಂಡಿ ಒತ್ತಿ ನೋಡಿ, ಬೀಡಿ ಕಟ್ಟಿನ ಕಾಗ್ದದ ಮ್ಯಾಲೆ ಬರ್ಕೊಂಡು... ಹತ್ತನೇ ಕ್ಲಾಸು ಓದಿದೋನು. ಆರು ತಿಂಗಳಲ್ಲಿ ಅದರ ಹೊಟ್ಟೇಲಿ ಏನದೆ ಅಂತ ಎಲ್ಲಾ ತಿಳ್ಕೊಂಡ. ನಮ್ಮ ಬ್ಯಾಚಲ್ಲಿ ಒಬ್ಬನೇ ಒಬ್ಬ ಅವನ ಹತ್ರ ಕೂತು ಕಲೀತಿದ್ದೋನು...

ಹೂಂ. ನಾನೇ. ಯಾರೂ ಹೇಳ್ಕೊಡ್ಲಿಲ್ಲ ಅಂದೆ ಆಗ್ಲೆ. ಬಾಯಿ ತಪ್ಪಿ ಬಂತು. ಪೇಪರಿನೋನಿಗೆ ಹೇಳಿ ಹೇಳಿ ಅಭ್ಯಾಸ ಆಗದೆ. ಅವ್ರೇ ಹೇಳ್ಕೊಟ್ಟಿದ್ದು, ಬಾಣ ಒತ್ತೋದು, ಪ್ರೋಗ್ರಾಮು ಕೂರಿಸೋದು, ಎಲ್ಲಾ. ಸಾಕ?

ಅದು ಕಳುವಾಯ್ತು. ಅವನ ಕೆಲ್ಸ ಓಯ್ತು. ಎಲ್ರಿಗೂ ಬೇಜಾರಾಯ್ತು, ನಂಗೂ ಆಯ್ತು. ಇನ್ನೇನು ಹೇಳ್ಬೇಕು ನಾನು? ಬೀಗದಕೈ ಯಾರ ಹತ್ರ ಇತ್ತೋ ಅವರನ್ನ ಕೇಳ್ತಾರೆ, ಯಾವ ಆಫೀಸಲ್ಲಾದ್ರೂ ಅಷ್ಟೆ.

ಕೆಳಗಿಡಮ್ಮ ಅದನ್ನ. ಹಳೇ ಸಾಮಾನು, ಕೈ ಜಾರಿದ್ರೆ...

ಇಡಕ್ಕಿಲ್ವ. ಸರಿ, ಇಟ್ಕೊ, ತೊಡೆ ಮ್ಯಾಲೇ ಇಟ್ಕೊ. ಅದ್ಯಾಕೆ ಅಂಗೆ ನೋಡ್ತಿದ್ದೀಯ? ಬೈಯಂಗಿದ್ರೆ ಬೈ. ನಿಮ್ಮಪ್ಪ ಕಳ್ಸಿದ್ನ? ...ಇಲ್ಲ. ಅವನಿಗೆ ಗೊತ್ತಾ ನೀನು ಇಲ್ಲಿಗೆ ಬಂದಿರೋದು? ...ಅದೂ ಇಲ್ಲ.

ಪೇಪರು ನೋಡಿದ್ರ. ನನ್ನ ಫೋಟೋ ನೋಡಿದ್ರ ಅವ್ರು. ಏನಂದ್ರು?

ಏನೂ ಅನ್ಲಿಲ್ಲ. ಮಡಚಿ ಇಟ್ಟು ಎದ್ದೋದ್ರು. ರಾತ್ರಿ ಊಟ ಬ್ಯಾಡ ಅಂದ್ರು. ಅಷ್ಟಕ್ಕೇ ನೀನು ಫೋನ್ ಮಾಡಿ, ವಿಜ್ಞಾನ ದಿನ ಅಂತ ಹೇಳಿ...

ಏನೂ ಅನ್ಲಿಲ್ಲ ಅಂದ್ರೆ ಏನರ್ಥ? ನಲವತ್ತೊಂದು ವರ್ಷ ಆಯ್ತು. ಈಗ್ಲಾದ್ರೂ ಅನ್ಬೋದಿತ್ತಲ್ಲ. ಮಗಳ ಹತ್ರಾನೂ ಹೇಳ್ಲಿಲ್ಲ ಅಂದ್ರೆ, ಅದೆಂತಾ ಮನ್ಸ ಅವನು? ನನ್ನನ್ನ ಏನು ಅಂದ್ಕೊಂಡವ್ನೆ?

ಕದ್ದಿಲ್ಲ ಕಣಮ್ಮ ನಾನು. ಕೇಳ್ತಾ ಇದ್ದೀಯ? ಆ ಮಾತು ಮಾತ್ರ ನಿನ್ನ ಮನ್ಸಲ್ಲಿದ್ರೆ ತೆಗ್ದಾಕು. ಬೆಸಗರಳ್ಳಿ ಕೆಂಪಯ್ಯನ ಮಗ ನಾನು, ನಮ್ಮನೇಲಿ ಯಾರೂ ಇನ್ನೊಬ್ಬರ ಸಾಮಾನು ಮುಟ್ದೋರಲ್ಲ. ಅವ್ರೇ ಕೊಟ್ಟಿದ್ದು.

ಹೌದು, ನಿಮ್ಮಪ್ಪಾನೇ ಕೊಟ್ಟಿದ್ದು. ಎಂಬತ್ನಾಕರ ಶಿವರಾತ್ರಿ ವಾರ. ಶನಿವಾರ ಭಾನುವಾರ ರಜ ಇತ್ತು. ನನ್ನ ಪ್ರಾಜೆಕ್ಟಿನ ಲೆಕ್ಕ ಮುಗ್ದಿರ್ಲಿಲ್ಲ, ಉದ್ದದ ಲೈನಲ್ಲಿ ವೋಲ್ಟೇಜು ಎಲ್ಲೆಲ್ಲಿ ಎಷ್ಟು ಬೀಳ್ತದೆ ಅನ್ನೋದು, ಕೈಲಿ ಮಾಡಿದ್ರೆ ಒಂದು ತಿಂಗಳು. ಎರಡು ದಿನಕ್ಕೆ ಕೊಡು ಸಿದ್ದ ಅಂದೆ. ಬ್ಯಾಡ ಬುದ್ಧಿ, ಅದು ಬೀರು ಬುಟ್ಟು ಆಚೆ ಓಗಂಗಿಲ್ಲ ಅಂದ್ರು. ನಾನು ಗೋಗರೆದೆ. ಆಮ್ಯಾಲೆ ಒಂದು ಟವಲ್ಲಲ್ಲಿ ಸುತ್ತಿ, ಯಾರೂ ಇಲ್ದಾಗ ನನ್ನ ಚೀಲಕ್ಕೆ ಹಾಕಿ, "ಸೋಮವಾರ ಗಂಟೆ ಹೊಡೆಯೋಕ್ಕೆ ಮುಂಚೆ ತಂದ್ಬುಡಿ ಬುದ್ಧಿ" ಅಂದ್ರು. ನಂಗೆ ಲೆಕ್ಕ ಬರ್ತದೆ, ನಾನು ಚೆನ್ನಾಗಿ ಓದ್ತೀನಿ ಅಂತ ಅವರಿಗೆ ಒಂದು ಪ್ರೀತಿ. ಆ ಪ್ರೀತಿಗೆ ಕೊಟ್ರು.

ಸೋಮವಾರ ಬಸ್ಸು ತಡ ಆಯ್ತು. ಮುಕ್ಕಾಲು ಗಂಟೆ. ನಿಜ್ವಾಗ್ಲೂ ತಡ ಆಯ್ತು, ಇದರಲ್ಲಿ ಸುಳ್ಳಿಲ್ಲ. ನಾನು ಗೇಟೊಳಕ್ಕೆ ಓಗೋ ಹೊತ್ತಿಗೆ ಬಾವುಟದ ಕಂಬದ ಹತ್ರ ಎಲ್ರೂ ಸೇರವ್ರೆ. ಯಾರೋ ಟ್ರಸ್ಟಿನೋರು ಲ್ಯಾಬ್ ನೋಡಕ್ಕೆ ಬಂದು, ಬೀರು ಖಾಲಿ ಇರೋದು ಕಂಡವ್ರೆ. ನಿಮ್ಮಪ್ಪನ್ನ ಕಂಬದ ಪಕ್ಕ ನಿಲ್ಸವ್ರೆ. ಪ್ರಿನ್ಸಿಪಾಲು ಹೊಡ್ದು ಹೊಡ್ದು ಕೇಳ್ತಾ ಅವ್ರೆ, ಯಾರಿಗೆ ಕೊಟ್ಟೆ, ಯಾರಿಗೆ ಮಾರ್ದೆ ಅಂತ.

ನಿಮ್ಮಪ್ಪ ತಲೆ ಎತ್ತಿ ನನ್ನನ್ನ ನೋಡಿದ್ರು. ಒಂದೇ ಸಲ. ಅದು ಚೀಲದಲ್ಲೇ ಅದೆ, ನನ್ನ ಎಗಲ ಮ್ಯಾಲೆ. ಆಮ್ಯಾಲೆ ತಲೆ ಬಗ್ಸಿ, "ಗೊತ್ತಿಲ್ಲ ಸಾ" ಅಂದ್ರು.

ನಾನು ಕಾದೆ. ಈಗ ಹೆಸರು ಹೇಳ್ತಾರೆ, ಇನ್ನೊಂದೇಟು ಬಿದ್ರೆ ಹೇಳ್ತಾರೆ ಅಂತ. ಹೇಳಿದ್ರೆ ನಾನು ಒಪ್ಕೋತಿದ್ದೆ, ದೇವರಾಣೆ ಒಪ್ಕೋತಿದ್ದೆ. ಅವ್ರು ಹೇಳ್ಲೇ ಇಲ್ಲ. ಅವರು ನಾನು ಹೇಳ್ಲಿ ಅಂತ ಕಾಯ್ತಾ ಇದ್ರು. ಅದು ನಂಗೆ ಅರ್ಥ ಆಗಿದ್ದು ಎಷ್ಟೋ ವರ್ಷ ಆದ್ಮ್ಯಾಲೆ... ಇಲ್ಲ. ಆಗ್ಲೇ ಅರ್ಥ ಆಗಿತ್ತು.

ಏನು ಮಾಡ್ಬೇಕಿತ್ತು ನಾನು? ಹೇಳಮ್ಮ, ನೀನು ಮೇಷ್ಟ್ರು, ಹೇಳು. ಹತ್ತೊಂಬತ್ತು ವರ್ಷ ನಂಗೆ. ಪರೀಕ್ಷೆಗೆ ಎರಡು ತಿಂಗಳು. ಒಪ್ಕೊಂಡಿದ್ರೆ ಪರೀಕ್ಷೆಗೇ ಕೂರಿಸ್ತಿರ್ಲಿಲ್ಲ. ನಮ್ಮಪ್ಪ ಕೈಗೆ ಸಿಕ್ಕಿದ್ರಲ್ಲಿ ಹೊಡೆಯೋ ಮನ್ಸ. ಮಾರನೇ ದಿನ ಯಾರೂ ನೋಡ್ದಂಗೆ ಬೀರು ಮ್ಯಾಲೆ ಇಟ್ಬುಡನ ಅಂದ್ಕೊಂಡೆ. ಮಾರನೇ ದಿನ ಬೀಗ ಬದಲಾಯಿಸಿದ್ರು. ಅದಾದ ಮಾರನೇ ದಿನ ನಿಮ್ಮಪ್ಪನ್ನ ತೆಗ್ದಾಕಿ ಆಗಿತ್ತು. ಆಮ್ಯಾಲೆ ಕೊಟ್ರೆ ಯಾರಿಗೆ ಏನು ಉಪಯೋಗ? ಒಂದೊಂದು ದಿನ ಕಳೆದಂಗೂ ಬಾಯಿ ಬಿಡೋದು ಕಷ್ಟ ಆಯ್ತು. ಅದು ನಿಂಗೆ ಅರ್ಥ ಆಗಕ್ಕಿಲ್ಲ. ಆಗ್ಬೇಕು ಅಂತ್ಲೂ ಇಲ್ಲ.

ಡಾಕ್ಟ್ರೂ ಇಲ್ಲ, ಮೀಟರೂ ಇಲ್ಲ. ಅದೇ ಅದು. ನಿನ್ನ ತೊಡೆ ಮ್ಯಾಲಿರೋದು.

ಮಿಕ್ಕ ನಲವತ್ತಾರು ಯಾಕೆ ಅಂತ ಕೇಳ್ಬೇಕು ಅನ್ಸಿರಬೇಕು ನಿಂಗೆ. ಮದುವೆ ಆದ ಹೊಸ್ದು, ಟ್ರಂಕಲ್ಲಿ ಬಟ್ಟೆ ಅಡೀಲಿಟ್ಟಿದ್ದು ಯಶೋದನ ಕೈಗೆ ಸಿಕ್ತು. ಇದೇನು, ಎಲ್ಲಿಂದ ತಂದ್ರಿ ಅಂದ್ಲು. ಸಂಗ್ರಹ ಮಾಡ್ತಾ ಇವ್ನಿ ಕಣೆ ಅಂದೆ. ಒಂದೇ ಇಟ್ಕೊಂಡು ಎಂತಾ ಸಂಗ್ರಹ ಅಂದ್ಲು. ಅದಕ್ಕೆ ಇನ್ನೊಂದು ತಂದೆ. ಮೂರಾಯ್ತು, ಹತ್ತಾಯ್ತು. ಒಂದೇ ಇದ್ರೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ನಲವತ್ತೇಳು ಇದ್ರೆ ನಗ್ತಾರೆ, ಯಾರೂ ಕೇಳಕ್ಕಿಲ್ಲ. ಬಚ್ಚಿಡಕ್ಕೆ ಶುರು ಮಾಡಿದ್ದು ನಿಜ. ಆಮ್ಯಾಲೆ ಇವುಗಳ ಮ್ಯಾಲೆ ಪ್ರೀತಿ ಬಂದಿದ್ದೂ ನಿಜ. ಕೀವ್ ಅಜ್ಜನಿಗೆ ಬರೆದ ಕಾಗ್ದ ಒಂದೂ ಸುಳ್ಳಲ್ಲ. ಸತ್ತೋಗಿದ್ದನ್ನ ಬಿಚ್ಚಿ, ಸೆಲ್ಲು ಕಟ್ಟಿ, ಅಂಕಿ ಬರೋ ತನಕ ಕೂತಿರ್ತೀನಲ್ಲ, ಅದು ನಾಟಕ ಅಲ್ಲ. ಅದನ್ನ ಮಾತ್ರ ನೀನು ಕಿತ್ಕೊಳಕ್ಕೆ ಬರಬ್ಯಾಡ.

ಮಿಕ್ಸಿ ನಿಂತೋಯ್ತು.

ಕೇಳಿಸ್ಕೊಂಡವ್ಳೆ. ಕೇಳಿಸ್ಕೊಳ್ಲಿ ಬುಡು. ಬಾ ಯಶೋದ, ಬಾಗ್ಲು ಹತ್ರ ಯಾಕೆ ನಿಂತ್ಕೊಂಡೆ, ಒಳಕ್ಕೆ ಬಾ. ಇವರು ದೊಡ್ಡಸಿದ್ದಯ್ಯನವರ ಮಗಳು, ಶೋಭಿತಾ. ಕೂತ್ಕೊ. ...ಬ್ಯಾಡ್ವ. ನಿಂತೇ ಇರು.

ಒಂದು ಸಲ ಓಗಿದ್ದೆ ಕಣಮ್ಮ ನಿಮ್ಮೂರಿಗೆ. ತೊಂಬತ್ತರಲ್ಲೋ ತೊಂಬತ್ತೊಂದರಲ್ಲೋ. ಇದನ್ನ ಟವಲ್ಲಲ್ಲಿ ಸುತ್ಕೊಂಡು. ಬಸ್ಸಿಳ್ದು ಕೇಳ್ದೆ, ಆಲೆಮನೇಲಿ ಅವ್ರೆ ಅಂದ್ರು. ಹೋದೆ. ಕೊಪ್ಪರಿಗೆ ಮುಂದೆ ಬರೀ ಮೈಲಿ ನಿಂತು ಕಬ್ಬಿನ ಹಾಲು ತಿರುವ್ತಾ ಇದ್ರು. ಕೈ ಮ್ಯಾಲೆಲ್ಲ ಬೊಬ್ಬೆ. ಅದೇ ಬೆರಳಲ್ಲಿ ಗುಂಡಿ ಒತ್ತಿ ನಂಗೆ ತೋರಿಸಿದ್ದು. ನಾನು ಬೇಲಿ ಮರೇಲಿ ಒಂದಷ್ಟು ಹೊತ್ತು ನಿಂತು, ಅದೇ ಬಸ್ಸಲ್ಲಿ ವಾಪಸ್ ಬಂದೆ. ಅವ್ರು ಆ ಕೊಪ್ಪರಿಗೆ ತಿರುವಿ ನಿಮ್ಮನ್ನ ಎಂಎಸ್ಸಿ ಓದ್ಸವ್ರೆ. ನಾನು ಡಿಪ್ಲೊಮಾ ತಕ್ಕೊಂಡು ಕರೆಂಟ್ ಆಫೀಸಲ್ಲಿ ಮೂವತ್ತೆಂಟು ವರ್ಷ ಕುರ್ಚಿ ಮ್ಯಾಲೆ ಕೂತೆ.

ಬತ್ತೀನಿ. ಕೇಳಿ, ಇವತ್ತೇ ಬತ್ತೀನಿ ನಿಮ್ಮ ಜತೆ. ಮನೆ ಒಳಗೆ ಕೂತು ಗುಟ್ಟಾಗಿ ಹೇಳಿ ಬರಕ್ಕಲ್ಲ. ಅವರನ್ನ ಕಳ್ಳ ಅಂದಿದ್ದು ಬೀದೀಲಿ, ನಾನೂ ಬೀದೀಲೇ ಹೇಳ್ತೀನಿ, ನಿಮ್ಮ ಬೀದಿಯೋರು, ಮ್ಯಾಲಿನ ಬೀದಿಯೋರು, ಎಲ್ರೂ ಕೇಳಂಗೆ. ತಕ್ಕೊಂಡೋನು ಶಿವರಾಮು, ವಾಪಸ್ ಕೊಡ್ದೆ ಇದ್ದೋನು ಶಿವರಾಮು, ದೊಡ್ಡಸಿದ್ದಯ್ಯನವರು ನನ್ನ ಮೇಷ್ಟ್ರು ಅಂತ. ನಮ್ಮೋರು ಏನಾದ್ರೂ ಅಂದ್ಕೊಳ್ಲಿ. ಸಿದ್ದೇಶ ಇನ್ನೂ ಜೋರಾಗಿ ನಗ್ಲಿ. ಕ್ಷಮಿಸಿ ಅಂತ ಕೇಳಕ್ಕಿಲ್ಲ ನಾನು, ಅದನ್ನ ಕೇಳೋ ಯೋಗ್ತೆ ಇಲ್ಲ ನಂಗೆ. ಇದ್ದಿದ್ದು ಹೇಳ್ತೀನಿ. ಆಮ್ಯಾಲೆ ಅವ್ರು ಬಾಗ್ಲು ಹಾಕ್ಕೊಂಡ್ರೂ ಸರಿ.

ಏಳಿ ಮತ್ತೆ. ನಾಕು ಗಂಟೆಗೆ ಮಳವಳ್ಳಿ ಬಸ್ಸದೆ.

ಏಳ್ಬಾರ್ದ? ಎಲ್ಲಾ ಹೇಳಿದ್ನಲ್ಲ. ಇನ್ನೇನು ಉಳ್ಕೊಂಡದೆ? ಮಾತಾಡಿ. ಅಂಗೆ ನೋಡಬ್ಯಾಡಿ ನೀವು, ನಿಮ್ಮಪ್ಪ ನೋಡಿದಂಗೇ...

ಆವತ್ತು ನಿಮ್ಮನೆಗೆ ಬಂದಿದ್ದೋರ ವಿಷ್ಯ ನಿಮ್ಮವ್ವ ಹೇಳಿರಬೇಕು. ಪಟ್ಟಲಮ್ಮ ಅಂತ ಅಲ್ವ ಅವರ ಹೆಸರು. ಅವ್ರಿಗೆ ನನ್ನ ಮುಖ ಗ್ಯಾಪಕ ಇದ್ರೆ ಆಶ್ಚರ್ಯ ಇಲ್ಲ.

ಯಶೋದ, ನೀನೂ ಕೇಳು.

ಆ ಸೋಮವಾರ ಮಧ್ಯಾಹ್ನಾನೇ ಪ್ರಿನ್ಸಿಪಾಲು ಜೀಪು ತೆಗ್ಸಿದ್ರು, ಬೆಳಕವಾಡಿಗೆ ಓಗಿ ಮನೆ ಹುಡುಕನ ಅಂತ. ಮನೆ ಯಾರಿಗೆ ಗೊತ್ತು ಅಂದ್ರು. ನಂಗೊತ್ತು ಸಾರ್ ಅಂದೆ. ಗೊತ್ತಿತ್ತು. ಪಾಠ ಹೇಳಿಸ್ಕೊಳಕ್ಕೆ ಒಂದು ಭಾನುವಾರ ಓಗಿದ್ದೆ, ಜಗಲಿ ಮ್ಯಾಲೆ ಕೂತಿದ್ದು, ಒಳಕ್ಕೆ ಓಗಿರ್ಲಿಲ್ಲ. ನಿಮ್ಮವ್ವ ಮಜ್ಜಿಗೆ ತಂದ್ರು, ಬ್ಯಾಡ ಅಂದಿದ್ದೆ. ಅಂಗೆ ಬ್ಯಾಡ ಅಂದೋನು, ಆವತ್ತು ಹೊಸಲು ದಾಟಿ ಒಳಕ್ಕೆ ಹೋದೆ. ರಾಗಿ ಗುಡಾಣ ಸುರ್ದೆ. ಸೂರಿನ ಸಂದಿಗೆ ಕೈ ಹಾಕ್ದೆ. ಊರೆಲ್ಲ ಬಾಗ್ಲಲ್ಲಿ ನಿಂತು ನೋಡ್ತಾ ಅದೆ.

ಮೂಲೇಲಿ ಒಂದು ತೊಟ್ಲು ಇತ್ತು, ಸೀರೇದು. ಮಗು ಮಲಗದೆ, ಬ್ಯಾಡಿ ಬುದ್ಧಿ ಅಂತ ನಿಮ್ಮವ್ವ ಅಡ್ಡ ನಿಂತ್ರು. ಜತೇಲಿ ಬಂದಿದ್ದೋರು ಹಿಂದಕ್ಕೆ ಸರಿದ್ರು, ಅವರಿಗೇ ನಾಚಿಕೆ ಆಯ್ತು. ನಾನು ಸರೀಲಿಲ್ಲ. ಎಲ್ರಿಗಿಂತ ಜಾಸ್ತಿ ಹುಡುಕ್ದೋನ ಮ್ಯಾಲೆ ಯಾರೂ ಅನುಮಾನ ಪಡಕ್ಕಿಲ್ಲ, ಅಷ್ಟು ಬುದ್ಧಿ ಓಡ್ತಿತ್ತು ನಂಗೆ. ಮಗೀನ ಎತ್ತಿ ನೆಲದ ಮ್ಯಾಲೆ ಮಲಗಿಸ್ದೆ. ತೊಟ್ಲು ಬಟ್ಟೆ ಒಂದೊಂದೇ ಕೊಡವ್ದೆ. ಮಗು ಎದ್ದು ಅಳ್ತು.

ನನ್ನ ಚೀಲ ಜೀಪಲ್ಲಿತ್ತು. ನಿಮ್ಮನೆ ಬಾಗ್ಲಲ್ಲೇ ನಿಂತಿತ್ತು ಜೀಪು. ಚೀಲದೊಳಗೆ ಅದು.

ಆ ಮಗು ನೀವು.

ಇದನ್ನೂ ಬೀದೀಲೇ ಹೇಳ್ತೀನಿ. ನಡೀರಿ.